ಎರಡು ವಿರಾಮಗಳ ಇತಿಹಾಸ: ದುಡಿಯುವ ತಾಯಿ ಮತ್ತು ಶಿಶುವಿನ ಹಾಲು

ಭಾರತದ ಕಾರ್ಮಿಕ ಶಾಸನಗಳ ಚರಿತ್ರೆಯೆಂದರೆ ಕೂಲಿಯ ದರ, ದುಡಿಮೆಯ ಅವಧಿ, ಸಂಘಗಳ ಹಕ್ಕು ಎಂಬ ದೊಡ್ಡ ಪ್ರಶ್ನೆಗಳೇ ಸಾಮಾನ್ಯವಾಗಿ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಆ ಶಾಸನಗಳೊಳಗೆ ಅಡಗಿರುವ ಒಂದು ಸಣ್ಣ ವಿಧಿಯನ್ನು ಇಲ್ಲಿ ನಾವು ಪರಿಶೀಲಿಸಲು ಬಯಸುತ್ತೇವೆ. ಹೆರಿಗೆಯ ರಜೆ ಮುಗಿಸಿ ಪೂರ್ಣ ದುಡಿಮೆಗೆ ಮರಳಿದ ತಾಯಿಗೆ, ದಿನದ ಕೆಲಸದ ನಡುವೆ ಮಗುವಿಗೆ ಮೊಲೆಯೂಡಿಸಲು ಎಷ್ಟು ಹೊತ್ತು ದೊರೆಯಬೇಕೆಂಬುದೇ ಆ ವಿಧಿಯ ವಿಷಯ. ಈ ಹೊತ್ತನ್ನು ಶಾಸನವು ನಿಮಿಷಗಳಲ್ಲಿ ಅಳೆಯಿತು. ಆದರೆ ತಾಯಿಗೂ ಮಗುವಿಗೂ ನಡುವಣ ದೂರವೇ ಇಲ್ಲಿಯ ನಿಜವಾದ ಅಳತೆಯಾಗಿದ್ದಿತೆಂಬುದು ನಮ್ಮ ಅಭಿಪ್ರಾಯ.

ಮಗುವಿದ್ದ ಹೆಂಗಸು ದುಡಿಯುವುದು ಹೊಸ ಸಂಗತಿಯಲ್ಲ. ಗದ್ದೆಯ ಬದುವಿನ ಮರಕ್ಕೆ ಹಳೆಯ ಸೀರೆಯ ಜೋಲಿಯನ್ನು ಕಟ್ಟಿ, ಕೂಸು ಅತ್ತಾಗ ಕಳೆ ಕೀಳುವುದನ್ನು ಬಿಟ್ಟು ಬಂದು ಹಾಲೂಡಿಸಿ ಮರಳುವುದು ನಮ್ಮ ನಾಡಿನ ಹೊಲಗಳಲ್ಲಿ ವಾಡಿಕೆಯಾಗಿದ್ದಿತು. ಇದು ಸುಖದ ಬಾಳೆಂದು ಹೇಳುವಂತಿಲ್ಲ. ಬಿಸಿಲು, ಹುಳಹುಪ್ಪಟೆ, ಧಣಿಯ ಗದರಿಕೆ ಎಲ್ಲವೂ ಇದ್ದವು. ಆದರೂ ಮಗುವಿನ ಅಳು ತಾಯಿಯ ಕಿವಿಗೆ ಬೀಳುತ್ತಿದ್ದಿತು. ಗಿರಣಿಯು ಈ ಸಂಬಂಧವನ್ನು ಕಡಿಯಿತು. ಹೊತ್ತಿಗೆ ಸರಿಯಾಗಿ ಒಳಹೊಕ್ಕವಳು ಸಂಜೆಯ ಶೀಟಿಯವರೆಗೆ ಹೊರಬರುವಂತಿರಲಿಲ್ಲ. ಹೀರಿದಷ್ಟೂ ಹಾಲು ಉತ್ಪತ್ತಿಯಾಗುವುದೂ, ದಿನದ ಬಹುಪಾಲು ಹೀರದೆ ಬಿಟ್ಟರೆ ಕ್ರಮೇಣ ಬತ್ತುವುದೂ ಶರೀರಧರ್ಮ. ಆದುದರಿಂದ ರಾತ್ರಿ ಊಡಿಸಿ ಹಗಲಿನ ಕೊರತೆಯನ್ನು ತುಂಬುವುದು ಎಲ್ಲ ತಾಯಂದಿರಿಗೂ ಸಾಧ್ಯವಾಗುತ್ತಿರಲಿಲ್ಲ.

ಈ ಅಗಲಿಕೆಯ ಪರಿಣಾಮವು ಮುಂಬಯಿಯಲ್ಲಿ ಬಹು ಸ್ಪಷ್ಟವಾಗಿ ದಾಖಲಾಗಿದೆ. ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ಗಿರಣಿಯ ಸ್ತ್ರೀಯರ ಸ್ಥಿತಿಯನ್ನು ವಿಚಾರಿಸಲು ಮುಂಬಯಿ ಸರಕಾರವು 1920ರ ದಶಕದ ಆದಿಯಲ್ಲಿ ನೇಮಿಸಿದ ಮಹಿಳಾ ವೈದ್ಯೆ ಡಾ. ಬಾರ್ನ್ಸ್ ಅವರು, ತಾಯಂದಿರು ಕೆಲಸಕ್ಕೆ ಹೋಗುವಾಗ ಶಿಶುಗಳಿಗೆ ಅಫೀಮು ಕೊಟ್ಟು ಮಲಗಿಸುವ ಪದ್ಧತಿಯು ವ್ಯಾಪಕವಾಗಿದ್ದುದನ್ನು ವರದಿಮಾಡಿದರು. ಇದಕ್ಕಾಗಿಯೇ ಮಾರಲಾಗುತ್ತಿದ್ದ ಗುಳಿಗೆಗಳಿಗೆ ‘ಬಾಳಗೋಳಿ’ ಎಂಬ ಹೆಸರಿದ್ದಿತು. ಇದನ್ನು ತಾಯಂದಿರ ಅಜ್ಞಾನವೆಂದು ಮಾತ್ರ ಬಗೆಯುವುದು ಅನ್ಯಾಯವಾದೀತು. ಹಸಿದ ಮಗುವಿನ ಬಳಿಗೆ ಹೋಗಲು ಅನುಮತಿಯಿಲ್ಲದವಳಿಗೆ ಆ ಹಸಿವನ್ನು ನಿದ್ರೆಗೆ ತಿರುಗಿಸುವುದೊಂದೇ ಉಪಾಯವಾಗಿ ಉಳಿದಿದ್ದಿತು.

ಅದಕ್ಕೆ ಕೆಲವೇ ವರ್ಷಗಳ ಮೊದಲು, 1919ರ ನವೆಂಬರಿನಲ್ಲಿ, ವಾಷಿಂಗ್ಟನ್ನಿನಲ್ಲಿ ಸೇರಿದ ಪ್ರಥಮ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಪ್ರಸೂತಿ ರಕ್ಷಣೆಯ ಒಪ್ಪಂದವೊಂದನ್ನು ಅಂಗೀಕರಿಸಿದ್ದಿತು. ಹೆರಿಗೆಯ ನಂತರ ಆರು ವಾರ ಕೆಲಸದ ನಿಷೇಧ, ಮೊದಲು ಆರು ವಾರ ರಜೆಯ ಹಕ್ಕು, ಇವುಗಳ ಜೊತೆಗೆ, ಮೊಲೆಯೂಡಿಸುವ ತಾಯಿಗೆ ಕೆಲಸದ ಹೊತ್ತಿನಲ್ಲಿಯೇ ಅರ್ಧರ್ಧ ಗಂಟೆಯ ಎರಡು ವಿರಾಮಗಳನ್ನು ಕೊಡಬೇಕೆಂದು ಅದು ವಿಧಿಸಿತು. ಭಾರತವು ಇದನ್ನು ಅನುಮೋದಿಸಲಿಲ್ಲ. ಆ ಸಮ್ಮೇಳನಕ್ಕೆ ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಹೋಗಿದ್ದ ಎನ್. ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಪ್ರಸೂತಿ ಸೌಲಭ್ಯದ ಮಸೂದೆಯನ್ನು ಮಂಡಿಸಿದರೂ ಸಭೆಯು ಅದನ್ನು ಒಪ್ಪಲಿಲ್ಲ. ಮುಂದೆ ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ ಈ ಪ್ರಶ್ನೆ ಬಂದಾಗ, 1928ರಲ್ಲಿ ಡಾ. ಬಿ. ಆರ್. ಅಂಬೇಡ್ಕರರು ಮಸೂದೆಯನ್ನು ಬೆಂಬಲಿಸಿ, ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವೆಂದು ವಾದಿಸಿದರು. 1929ರಲ್ಲಿ ಅಲ್ಲಿಯ ಕಾಯಿದೆಯು ಬಂದಿತು. ಆದರೆ ಈ ಚರ್ಚೆಗಳಲ್ಲಿ ಮುಖ್ಯವಾಗಿದ್ದುದು ರಜೆ ಮತ್ತು ಹಣ. ರಜೆ ಮುಗಿದ ಮರುದಿನ ಮಗುವಿನ ಹಾಲಿನ ಗತಿಯೇನೆಂಬ ಪ್ರಶ್ನೆಯು ಹಿಂದೆಯೇ ಉಳಿಯಿತು.

ಆ ಪ್ರಶ್ನೆಗೆ ಮೊದಲ ಉತ್ತರವು ವಿರಾಮದ ರೂಪದಲ್ಲಿ ಬರದೆ ಕೋಣೆಯ ರೂಪದಲ್ಲಿ ಬಂದುದು ಗಮನಾರ್ಹ. 1929ರಲ್ಲಿ ವಿಟ್ಲಿಯವರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಯಲ್ ಕಾರ್ಮಿಕ ಆಯೋಗವು 1931ರ ತನ್ನ ವರದಿಯಲ್ಲಿ, ಹೆಚ್ಚು ಸಂಖ್ಯೆಯ ಸ್ತ್ರೀಯರಿರುವ ಕಾರ್ಖಾನೆಗಳಲ್ಲಿ ಶಿಶುಪಾಲನಾ ಗೃಹಗಳಿರಬೇಕೆಂದು ಸಲಹೆಮಾಡಿತು. 1934ರ ಕಾರ್ಖಾನೆಗಳ ಕಾಯಿದೆಯು, 50ಕ್ಕಿಂತ ಹೆಚ್ಚು ಸ್ತ್ರೀಯರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಕೋಣೆಯನ್ನು ಮೀಸಲಿಡುವಂತೆ ನಿಯಮ ಮಾಡಲು ಪ್ರಾಂತ ಸರಕಾರಗಳಿಗೆ ಅಧಿಕಾರ ಕೊಟ್ಟಿತು. ಸ್ವಾತಂತ್ರ್ಯಾನಂತರ, 1948ರ ಕಾಯಿದೆಯ 48ನೆಯ ಪ್ರಕರಣವು ಇದನ್ನು ಕಡ್ಡಾಯಗೊಳಿಸಿತಲ್ಲದೆ, ತಾಯಂದಿರು ಅಗತ್ಯವಾದ ಅಂತರಗಳಲ್ಲಿ ಬಂದು ಮಕ್ಕಳಿಗೆ ಊಡಿಸಲು ಅನುಕೂಲ ಕಲ್ಪಿಸುವ ನಿಯಮಗಳಿಗೂ ಅವಕಾಶವಿತ್ತಿತು. 50ರ ಸಂಖ್ಯೆಯು 1976ರಲ್ಲಿ 30ಕ್ಕೆ ಇಳಿಯಿತು.

ವಿರಾಮವು ಕೇಂದ್ರದ ಪ್ರಸೂತಿ ಕಾಯಿದೆಯಲ್ಲಿ ಸ್ಪಷ್ಟವಾದ ಹಕ್ಕಾಗಿ ಕಾಣಿಸಿಕೊಂಡುದು 1961ರಲ್ಲಿ. ಆ ವರ್ಷದ ಪ್ರಸೂತಿ ಸೌಲಭ್ಯ ಕಾಯಿದೆಯ 11ನೆಯ ಪ್ರಕರಣದ ಪ್ರಕಾರ, ಕೆಲಸಕ್ಕೆ ಮರಳಿದ ತಾಯಿಗೆ ಸಾಮಾನ್ಯ ವಿಶ್ರಾಂತಿಯಲ್ಲದೆ, ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ವಿರಾಮಗಳು ಸಲ್ಲಬೇಕಾಗಿದ್ದಿತು. 13ನೆಯ ಪ್ರಕರಣವು ಇದಕ್ಕಾಗಿ ಕೂಲಿಯನ್ನು ಕಡಿಯುವುದನ್ನು ನಿಷೇಧಿಸಿತು. ಅಂದಿನ ರಜೆ 12 ವಾರ. ಅದರಲ್ಲಿ ಆರು ವಾರ ಹೆರಿಗೆಗೆ ಮುನ್ನ ಕಳೆದರೆ, ಆರು ವಾರದ ಕೂಸನ್ನು ಬಿಟ್ಟು ತಾಯಿ ಕೆಲಸಕ್ಕೆ ಹೊರಡಬೇಕು. ಹೀಗಿರಲು ಮುಂದಿನ ಒಂದು ವರ್ಷಕ್ಕೂ ಮಿಕ್ಕಿದ ಹಾಲಿನ ಭಾರವೆಲ್ಲ ಈ ಎರಡು ವಿರಾಮಗಳ ಮೇಲೆ ಬಿದ್ದಿತು.

ವಿರಾಮದ ಉದ್ದವನ್ನು ನಿಯಮಗಳಿಗೆ ಬಿಡಲಾಯಿತು. ಗಣಿಗಳಿಗಾಗಿ 1963ರಲ್ಲಿ ರಚಿತವಾದ ನಿಯಮಗಳು ಪ್ರತಿ ವಿರಾಮಕ್ಕೆ 15 ನಿಮಿಷಗಳನ್ನು ಗೊತ್ತುಮಾಡಿದವು. ಮಗುವಿರುವ ಸ್ಥಳಕ್ಕೆ ಹೋಗಿಬರಲು 5ಕ್ಕೆ ಕಡಮೆಯಿಲ್ಲದೆ, 15ಕ್ಕೆ ಮೀರದೆ ಹೆಚ್ಚಿನ ನಿಮಿಷಗಳನ್ನು ಕೊಡಬೇಕೆಂದವು. ಈ ಅಂಕಿಗಳನ್ನು ವಾಷಿಂಗ್ಟನ್ನಿನ ವಿಧಿಯೊಡನೆ ಹೋಲಿಸಿ ನೋಡಬೇಕು. 1919ರಲ್ಲಿ ಊಡಿಸುವುದಕ್ಕೆಂದು ಸೂಚಿಸಿದ್ದುದು ದಿನಕ್ಕೆ ಒಂದು ಗಂಟೆ. ಇಲ್ಲಿ ದೊರೆತುದು ಅರ್ಧ ಗಂಟೆ. ಪ್ರತಿ ವಿರಾಮಕ್ಕೂ ಪ್ರಯಾಣದ ಪೂರ್ಣ 15 ನಿಮಿಷ ಸೇರಿದಾಗ ಮಾತ್ರ ಒಂದು ಗಂಟೆಯಾಗುತ್ತದೆ, ಆದರೆ ಅದರಲ್ಲಿ ಅರ್ಧವು ನಡೆಯುವುದರಲ್ಲಿಯೇ ಕಳೆದುಹೋಗುತ್ತದೆ. ಹೋಗಿಬರುವ ದಾರಿಯು ಅದಕ್ಕಿಂತ ಉದ್ದವಾಗಿದ್ದರೆ, ಊಡಿಸುವ ಹೊತ್ತೇ ದಾರಿಯ ಪಾಲಾಗುತ್ತದೆ. ದೂರದ ಪ್ರಶ್ನೆಯನ್ನು ಶಾಸನವು ಗುರುತಿಸಿದ್ದು ನಿಜ. ಆದರೆ ಅದಕ್ಕೆ ಒಂದು ಮಿತಿಯನ್ನು ಹಾಕಿ ಸುಮ್ಮನಾಯಿತು.

ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿ ತೋಟಗಳನ್ನು ನೆನೆದರೆ ಇದರ ಅರ್ಥವು ಚೆನ್ನಾಗಿ ಮನದಟ್ಟಾಗುತ್ತದೆ. 1951ರ ತೋಟ ಕಾರ್ಮಿಕರ ಕಾಯಿದೆಯು 50 ಅಥವಾ ಅದಕ್ಕಿಂತ ಹೆಚ್ಚು ಸ್ತ್ರೀಯರಿರುವ ತೋಟಗಳಲ್ಲಿ ಶಿಶುಪಾಲನಾ ಗೃಹವನ್ನು ವಿಧಿಸಿತು. ಗೃಹವು ಲೈನುಮನೆಗಳ ಬಳಿಯಿದ್ದು, ಹಣ್ಣಿನ ಕೊಯ್ಲು ಗುಡ್ಡದ ಆಚೆಯ ಇಳಿಜಾರಿನಲ್ಲಿ ನಡೆಯುವ ದಿನ 15 ನಿಮಿಷಗಳಿಂದ ಆಗುವುದೇನು? ಮೇಲಾಗಿ ಕೊಯ್ದ ಹಣ್ಣಿನ ತೂಕಕ್ಕೆ ಕೂಲಿ ಸಿಗುವಾಗ, ಕೂಲಿ ಕಡಿಯಬಾರದೆಂಬ ನಿಷೇಧದ ಫಲವೂ ತಾಯಿಗೆ ಪೂರ್ಣವಾಗಿ ಮುಟ್ಟುವುದಿಲ್ಲ. ಬಿಟ್ಟುಬಂದ ಗಿಡದ ಹಣ್ಣು ಅವಳ ಚೀಲಕ್ಕೆ ಬೀಳದು.

ದಕ್ಷಿಣ ಕನ್ನಡದ ಬೀಡಿ ಕಟ್ಟುವ ಸ್ತ್ರೀಯರ ಸ್ಥಿತಿಯು ಇದಕ್ಕೆ ತದ್ವಿರುದ್ಧ. ಎಲೆ, ಹೊಗೆಸೊಪ್ಪನ್ನು ಮನೆಗೇ ತಂದು ಕಟ್ಟುವವಳ ಮಗು ಪಕ್ಕದಲ್ಲಿಯೇ ಇರುತ್ತದೆ. ಇಲ್ಲಿ ದೂರವಿಲ್ಲ, ಆದರೆ ವಿರಾಮವೂ ಇಲ್ಲ. ಸಾವಿರ ಬೀಡಿಗೆ ಇಷ್ಟೆಂದು ಲೆಕ್ಕವಿರುವಲ್ಲಿ ಊಡಿಸುವ ಹೊತ್ತಿನ ಬೆಲೆಯನ್ನು ಅವಳೇ ತೆರಬೇಕಾಗುತ್ತದೆ. ಇದರಿಂದ, ಹಾಲೂಡಿಕೆಗೆ ಸಾಮೀಪ್ಯ ಮತ್ತು ಸಂಬಳಸಹಿತವಾದ ಹೊತ್ತು ಎರಡೂ ಒಟ್ಟಿಗೆ ಬೇಕೆಂಬುದು ವ್ಯಕ್ತವಾಗುತ್ತದೆ.

2017ರ ತಿದ್ದುಪಡಿಯು ಈ ಎರಡನ್ನೂ ಕೂಡಿಸಲು ಯತ್ನಿಸಿತು. ರಜೆಯು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿತು. ಆರು ತಿಂಗಳು ಎದೆಹಾಲೊಂದೇ ಸಾಕು, ಬಳಿಕ ಇತರ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಮೀರಿ ಅದು ಮುಂದುವರಿಯಲೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಮೊದಲ ಭಾಗಕ್ಕೆ ಇದು ಸಮೀಪವಾಯಿತು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಗೃಹವೂ, ತಾಯಿಗೆ ದಿನಕ್ಕೆ ನಾಲ್ಕು ಭೇಟಿಗಳೂ ವಿಧಿಸಲ್ಪಟ್ಟವು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಹಳೆಯ ಕಾಯಿದೆಯ ಸ್ಥಾನವನ್ನು ಪಡೆದರೂ, ಎರಡು ವಿರಾಮಗಳನ್ನೂ 15 ತಿಂಗಳ ಮಿತಿಯನ್ನೂ ಉಳಿಸಿಕೊಂಡಿದೆ.

ಸಂಸ್ಥೆಯೆಂಬುದೇ ಇಲ್ಲದ ಹೊಲದ ಕೂಲಿಯವಳಿಗೆ ಇವುಗಳಲ್ಲಿ ಯಾವುದೂ ಸುಲಭವಾಗಿ ಮುಟ್ಟುವುದಿಲ್ಲ. ಅವಳ ಕಡೆಗೆ ನೋಡಿದ ಪ್ರಯತ್ನಗಳೆಂದರೆ, ಐದು ಅಥವಾ ಹೆಚ್ಚು ಮಕ್ಕಳು ಬರುವ ಕಾಮಗಾರಿಯಲ್ಲಿ ಒಬ್ಬಾಕೆಯನ್ನು ಕೂಲಿ ಕೊಟ್ಟು ಅವರ ಪಾಲನೆಗೆ ನೇಮಿಸಬೇಕೆಂದ 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ವಿಧಿ. ಮತ್ತು 2023ರಲ್ಲಿ ಕರ್ನಾಟಕ ಸರಕಾರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಘೋಷಿಸಿದ ‘ಕೂಸಿನ ಮನೆ’ ಯೋಜನೆ. ಬದುವಿನ ಜೋಲಿಯು ಕೊಡುತ್ತಿದ್ದ ಸಾಮೀಪ್ಯವನ್ನು ಸುರಕ್ಷಿತ ರೂಪದಲ್ಲಿ ಮರಳಿ ಕೊಡುವುದೇ ಇವುಗಳ ತಿರುಳೆಂದು ನಾವು ಭಾವಿಸುತ್ತೇವೆ.

ಒಂದು ಶತಮಾನದ ಈ ಶಾಸನಗಳನ್ನು ಪರೀಕ್ಷಿಸುವ ವಿದ್ಯಾರ್ಥಿಯು ವಿರಾಮದ ನಿಮಿಷಗಳನ್ನು ಎಣಿಸುವುದರ ಜೊತೆಗೆ, ತಾಯಿ ದುಡಿಯುವ ಸ್ಥಳದಿಂದ ಮಗು ಮಲಗಿದ ಸ್ಥಳಕ್ಕೆ ಎಷ್ಟು ಹೆಜ್ಜೆಗಳೆಂಬುದನ್ನೂ, ಆ ಹೊತ್ತಿನ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಕೇಳಬೇಕು. ಕಾಯಿದೆಯ ಹಾಳೆಯಲ್ಲಿದ್ದ ಹಕ್ಕು ಎಷ್ಟರಮಟ್ಟಿಗೆ ಮಗುವಿನ ಬಾಯಿಗೆ ಹಾಲಾಗಿ ಇಳಿಯಿತೆಂಬುದು ಈ ಎರಡು ಪ್ರಶ್ನೆಗಳಿಂದಲೇ ತಿಳಿಯತಕ್ಕದ್ದು.