ಟಿ.ಎ.ಎಸ್. ಮಣಿ: ಮೃದಂಗದಿಂದ ಮೇಳ ಕಟ್ಟಿದವರು

ಟಿ.ಎ.ಎಸ್. ಮಣಿ ಬೆಂಗಳೂರಿನ ಮೃದಂಗ ವಿದ್ವಾಂಸರು. 1964ರಲ್ಲಿ ಅಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಯನ್ನು ತೆರೆದವರು. 1980ರ ದಶಕದಲ್ಲಿ ಅದೇ ಹೆಸರಿನ ಮೇಳ ಕಟ್ಟಿಕೊಂಡು ಯುರೋಪಿನ ಜಾಝ್ ವಾದಕರ ಜತೆ ನುಡಿಸಿದವರು. ಪತ್ನಿ, ಗಾಯಕಿ ಆರ್.ಎ. ರಮಾಮಣಿ ಆ ಮೇಳದ ಕಂಠ. ಮಣಿಯವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ಫ್ಯೂಷನ್ ಕಲಾವಿದ’ ಎಂದು ಷರಾ ಹಾಕಿ ಮುಂದೆ ಹೋಗುತ್ತಾರೆ. ಷರಾ ಸುಳ್ಳೇನಲ್ಲ, ಆದರೆ ಅದು ಬಂಡಿಯನ್ನು ಎತ್ತಿನ ಮುಂದೆ ಕಟ್ಟುತ್ತದೆ. ಶಾಲೆ ಮೊದಲು ಬಂತು. ಜಾಝ್ ಧ್ವನಿಮುದ್ರಿಕೆಗಳು ಬಂದದ್ದು ಹದಿನೈದು ವರ್ಷ ಕಳೆದ ಮೇಲೆ. ಲಯವನ್ನು ಹಲವರು ಒಟ್ಟಿಗೆ ಆಡಬಲ್ಲ ಭಾಷೆಯಾಗಿ ಕಲಿಸುವ ವ್ಯವಸ್ಥೆ ಕೈಯಲ್ಲಿದ್ದುದರಿಂದಲೇ ಹೊರಗಿನ ಸಂಗೀತದ ಎದುರು ಅವರ ಮೇಳ ತಡವರಿಸಲಿಲ್ಲ. ಹಾಗಾಗಿ ಮಣಿಯವರನ್ನು ಒಬ್ಬ ವಾದಕರಾಗಿ ಅಳೆದರೆ ಅರ್ಧವೇ ಸಿಗುತ್ತದೆ, ಮೇಳ ಕಟ್ಟಿದವರಾಗಿ ಅಳೆಯಬೇಕು.

ಈ ಮಾತಿನ ತೂಕ ತಿಳಿಯಲು ನಮ್ಮಲ್ಲಿ ಚರ್ಮವಾದ್ಯದವರಿಗೆ ಕೊಟ್ಟ ಜಾಗ ಯಾವುದು ಎಂದು ನೋಡಬೇಕು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕುಣಿಯುವ ಮದನಿಕೆಯರ ಕಾಲ ಬಳಿ ಪುಟ್ಟಪುಟ್ಟ ಮದ್ದಳೆಗಾರರಿದ್ದಾರೆ. ಕೈ ಚರ್ಮದ ಮೇಲೆ, ಕತ್ತು ಮೇಲಕ್ಕೆ. ಆಳು ಮಾತ್ರ ನರ್ತಕಿಯ ಮೊಣಕಾಲಿನ ಎತ್ತರ. ಶಾಂತಿಗ್ರಾಮದ ಹೆಸರಿನೊಂದಿಗೆ ಬೆಸೆದುಕೊಂಡಿರುವ ಹೊಯ್ಸಳ ರಾಣಿ ಶಾಂತಲೆಯ ಸಂಗೀತ, ನೃತ್ಯಗಳ ನೈಪುಣ್ಯವನ್ನು ಶಾಸನಗಳು ಹೊಗಳುತ್ತವೆ. ಆಕೆಗೆ ಮದ್ದಳೆ ಹಿಡಿದವನ ಹೆಸರನ್ನು ನಾವು ಯಾರೂ ನೆನಪಿನಲ್ಲಿ ಇಟ್ಟುಕೊಂಡಿಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನೇ ತೆಗೆದುಕೊಳ್ಳಿ. ಕಾವೇರಿ ದಂಡೆಯ ಆ ಊರು ಸಂಗೀತಗ್ರಾಮವೆಂದು ಹೆಸರಾದದ್ದು ಆರ್.ಕೆ. ಶ್ರೀಕಂಠನ್ ಅವರಂಥ ಗಾಯಕರಿಂದ, ಪಿಟೀಲು ವೀಣೆಗಳವರಿಂದ. ಕಚೇರಿಯಲ್ಲಿ ಮೃದಂಗದವರು ಪಕ್ಕವಾದ್ಯದವರು, ಹೆಸರಲ್ಲೇ ಪಕ್ಕ. ತನಿ ಆವರ್ತನದ ಹತ್ತಿಪ್ಪತ್ತು ನಿಮಿಷ ಅವರದ್ದು, ಆಗಲೂ ಸಭೆಯ ಒಂದಷ್ಟು ಜನ ಕಾಫಿಗೆ ಎದ್ದು ಹೋಗುತ್ತಾರೆ. ತಾಳವಾದ್ಯವೇ ನಡುವಿನಲ್ಲಿರುವ ಒಂದು ಶಾಲೆ, ಅದರದ್ದೇ ಒಂದು ಮೇಳ ಎಂಬ ಯೋಚನೆ ಈ ಹಿನ್ನೆಲೆಯಲ್ಲಿ ಸಣ್ಣದಲ್ಲ.

ಅಮೆರಿಕದ ಬಿಗ್ ಬ್ಯಾಂಡ್ ಜಾಝ್‌ನಲ್ಲಿ ಇಂಥದ್ದೇ ಒಂದು ಸ್ಥಾನಪಲ್ಲಟ ನಡೆದಿತ್ತು. ಹದಿನೈದು ಹದಿನೆಂಟು ಜನರ ಆ ವಾದ್ಯಗೋಷ್ಠಿಯಲ್ಲಿ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನುಗಳ ಸಾಲು ಮುಂದೆ, ಡ್ರಮ್ಸ್ ಹಿಂದೆ. ಅಲ್ಲಿ ಡ್ರಮ್ಮರನೇ ಯಜಮಾನನಾಗಬಲ್ಲ ಎಂದು ತೋರಿಸಿದವರಲ್ಲಿ ಮೊದಲಿಗ ಚಿಕ್ ವೆಬ್. ಬೆನ್ನುಮೂಳೆಯ ಕ್ಷಯದಿಂದ ಕುಳ್ಳಾಗಿ ಉಳಿದು, 1939ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡ ಆತ ನ್ಯೂಯಾರ್ಕಿನ ಹಾರ್ಲೆಮ್‌ನ ಸವಾಯ್ ನೃತ್ಯಶಾಲೆಯಲ್ಲಿ ಡ್ರಮ್ಸ್ ಹಿಂದೆ ಕೂತೇ ಇಡೀ ತಂಡವನ್ನು ಆಳಿದ. 1937ರ ಮೇ ತಿಂಗಳಲ್ಲಿ ಬೆನ್ನಿ ಗುಡ್‌ಮನ್ ತಂಡ ಸವಾಯ್‌ಗೆ ಸವಾಲಿಗೆ ಬಂತು. ಅದರ ಡ್ರಮ್ಮರ್ ಆಗಿನ ತಾರೆ ಜೀನ್ ಕ್ರೂಪಾ. ಆ ರಾತ್ರಿ ಗೆದ್ದದ್ದು ವೆಬ್ ಎಂಬುದನ್ನು ಕ್ರೂಪಾ ಕೂಡ ಒಪ್ಪಿಕೊಂಡ. ಎಲ್ಲಾ ಫಿಟ್ಜೆರಾಲ್ಡ್ ಎಂಬ ಎಳೆಯ ಗಾಯಕಿಯನ್ನು ತಂಡಕ್ಕೆ ಕರೆತಂದು ಬೆಳೆಸಿದವನೂ ಇವನೇ. ತಂಡದ ಬೆನ್ನೆಲುಬು ಲಯ, ಮುಖ ಹೆಣ್ಣುಕಂಠ ಎಂಬ ಈ ಜೋಡಣೆ ಮಣಿ–ರಮಾಮಣಿ ಮೇಳವನ್ನು ನೆನಪಿಗೆ ತರುತ್ತದೆ. ಒಂದು ವ್ಯತ್ಯಾಸವಿದೆ: ರಮಾಮಣಿ ಹಾಡಿದ್ದಷ್ಟೇ ಅಲ್ಲ, ಮೇಳಕ್ಕೆ ರಚನೆಗಳನ್ನೂ ಮಾಡಿದರು, ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕ್ಕೋಲನ್ನೂ ಹೇಳಿದರು.

ಹೋಲಿಕೆ ಸರಿಯಲ್ಲ ಎನ್ನುವವರಿದ್ದಾರೆ, ಅವರ ಆಕ್ಷೇಪದಲ್ಲಿ ಹುರುಳಿದೆ. ಬಿಗ್ ಬ್ಯಾಂಡಿನ ಡ್ರಮ್ಮರ್ ಮುಂದಿನದ್ದನ್ನು ಮೊದಲೇ ಬಲ್ಲವನು. ಹಿತ್ತಾಳೆ ವಾದ್ಯಗಳು ಒಟ್ಟಿಗೆ ಎರಗುವ ಮುನ್ನ ಒಂದು ಸಣ್ಣ ಏಟಿನಲ್ಲಿ ದಾರಿ ಮಾಡಿಕೊಟ್ಟು ತಂಡವನ್ನು ತಳ್ಳುತ್ತಾನೆ. ಮೃದಂಗದವರು ಹಾಡುವವರನ್ನು ಅನುಸರಿಸುತ್ತಾರೆ, ಸಾಹಿತ್ಯದ ಜಾಡು ಹಿಡಿದು ಹೋಗುತ್ತಾರೆ. ಆತ ಕಾಲನ್ನೂ ಸೇರಿಸಿ ನಾಲ್ಕೈದು ವಾದ್ಯ ನುಡಿಸಿದರೆ, ಇವರ ಮುಂದಿರುವುದು ಒಂದೇ ಹಲಸಿನ ಮರದ ಕೊಳಗ: ಬಲಗಡೆ ಶ್ರುತಿಗೆ ಕೂಡಿಸಿದ ಕರಣೆ, ಎಡಗಡೆ ಕಚೇರಿಗೆ ಮುಂಚೆ ಮೆತ್ತುವ ರವೆಯ ಮುದ್ದೆ. ಇದೆಲ್ಲ ನಿಜ. ಆದರೆ ಈ ವ್ಯತ್ಯಾಸ ವಾದ್ಯದ್ದು, ಕಚೇರಿಯ ಪದ್ಧತಿಯದ್ದು. ಮಣಿ ಕಟ್ಟಿದ್ದು ಅದಕ್ಕಿಂತ ಕೆಳಗಿನ ಪದರದ ಮೇಲೆ. ನಮ್ಮ ತಾಳಶಿಕ್ಷಣದಲ್ಲಿ ಕೈಗಿಂತ ಮೊದಲು ಬಾಯಿ ಕಲಿಯುತ್ತದೆ. ತಕಿಟ ಎಂದರೆ ಮೂರು, ತಕಧಿಮಿ ನಾಲ್ಕು, ತದಿಗಿಣತೊಂ ಐದು. ಆದಿತಾಳದ ಒಂದು ಆವರ್ತಕ್ಕೆ ಎಂಟು ಅಕ್ಷರ, ಚತುರಶ್ರ ನಡೆಯಲ್ಲಿ ಒಟ್ಟು 32 ಮಾತ್ರೆ. ಮೊದಲ 15 ಮಾತ್ರೆ ಬಿಟ್ಟು, ಹದಿನಾರನೆಯದರಿಂದ ತದಿಗಿಣತೊಂ ಎಂದು ಮೂರು ಸಲ ಹೇಳಿ, ನಡುವೆ ಎರಡು ಕಡೆ ಒಂದೊಂದು ಮಾತ್ರೆ ಉಸಿರು ಬಿಟ್ಟರೆ ಹದಿನೇಳು ಮಾತ್ರೆ ತುಂಬಿ, ಸರಿಯಾಗಿ ಮುಂದಿನ ಆವರ್ತದ ಸಮಕ್ಕೆ ಬಂದು ಬೀಳುತ್ತೇವೆ. ಈ ಲೆಕ್ಕಕ್ಕೆ ಮೃದಂಗವೇ ಬೇಕೆಂದಿಲ್ಲ. ಘಟದವರು, ಖಂಜಿರದವರು, ಮೋರ್ಸಿಂಗಿನವರು, ಬಾಯಿಪಾಠ ಬಲ್ಲ ಗಾಯಕಿ, ಕೊನೆಗೆ ಸ್ಯಾಕ್ಸೊಫೋನ್ ಹಿಡಿದ ಪರದೇಶಿಯೂ ಆ ಒಂದೇ ಸಮದಲ್ಲಿ ಕೂಡಬಹುದು. ಬಿಗ್ ಬ್ಯಾಂಡಿನವರು ಕಾಗದದ ಮೇಲೆ ಬರೆದಿಟ್ಟುಕೊಳ್ಳುವ ಕೂಡುದಾಣಗಳನ್ನು ಇವರು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ಎಲ್ಲರನ್ನೂ ಒಂದೇ ಕಡೆಗೆ ತಂದು ಇಳಿಸುವ ಹೊಣೆ ಇಬ್ಬರಲ್ಲೂ ಲಯದವರದ್ದೇ.

ಧ್ವನಿಮುದ್ರಿಕೆಗಳು ಇದಕ್ಕೆ ಸಾಕ್ಷಿ. ಜರ್ಮನಿಯ ಎಂಬ್ರಿಯೊ ತಂಡ 1970ರ ದಶಕದ ಕೊನೆಗೆ ಭೂಮಾರ್ಗವಾಗಿ ಬಸ್ಸಿನಲ್ಲಿ ಭಾರತಕ್ಕೆ ಬಂದು ಇಲ್ಲಿನವರ ಜತೆ ನುಡಿಸಿತು. ಕಾಲೇಜಿನ ಮೇಳಕ್ಕೂ ಅದಕ್ಕೂ ನಂಟು ಬೆಳೆಯಿತು. ಆ ತಂಡದಿಂದ ಕವಲೊಡೆದ ಡಿಸಿಡೆಂಟನ್ 1982ರಲ್ಲಿ ಇದೇ ಮೇಳದೊಂದಿಗೆ ‘ಜರ್ಮನಿಸ್ತಾನ್’ ಹೊರತಂದಿತು. ಮುಖ್ಯವಾದದ್ದು ಮರುವರ್ಷದ ‘ಜ್ಯೋತಿ’; ಮುದ್ರಣವಾದದ್ದು ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ, ಹೊರತಂದದ್ದು ಇಸಿಎಂ ಸಂಸ್ಥೆ. ಅದರಲ್ಲಿ ನುಡಿಸಿದ ಅಮೆರಿಕದ ಚಾರ್ಲಿ ಮರಿಯಾನೊ 1950ರ ದಶಕದಲ್ಲಿ ಸ್ಟ್ಯಾನ್ ಕೆಂಟನ್ನನ ಬಿಗ್ ಬ್ಯಾಂಡಿನಲ್ಲಿ ಪಳಗಿದವರು, ನಾಗಸ್ವರವನ್ನೂ ಕಲಿತವರು. ಉಳಿದ ನಾಲ್ವರು ನಮ್ಮವರು: ರಮಾಮಣಿ, ಮೃದಂಗಕ್ಕೆ ಮಣಿ, ಘಟ ಮತ್ತು ಮೋರ್ಸಿಂಗಿಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಇಡೀ ಮುದ್ರಿಕೆಯಲ್ಲಿ ಡ್ರಮ್ಸ್ ಸೆಟ್ ಇಲ್ಲ, ಪಿಯಾನೊ ಇಲ್ಲ, ಜಾಝಿಗೆ ನೆಲಗಟ್ಟಾದ ಬಾಸ್ ಕೂಡ ಇಲ್ಲ. ರಮಾಮಣಿ, ರಾಜಗೋಪಾಲ್, ಶಶಿಕುಮಾರ್ ಮೂವರೂ ಕೊನ್ನಕ್ಕೋಲಿನವರು. ದೊಡ್ಡ ತಂಡದ ಗದ್ದಲದಲ್ಲಿ ಬೆಳೆದ ಸ್ಯಾಕ್ಸೊಫೋನಿಗ ಇಲ್ಲಿ ನಾಲ್ಕು ಜನರ ಲೆಕ್ಕದೊಳಗೆ ಬಂದು ಕೂತಿದ್ದಾನೆ. ಅವನಿಗಾಗಿ ಲೆಕ್ಕ ಸಡಿಲವಾಗಿಲ್ಲ.

ಶಾಸ್ತ್ರೀಯ ಸಂಗೀತದ ಕಡೆಯಿಂದ ಬರುವ ಇನ್ನೊಂದು ತಕರಾರನ್ನು ಈ ಬೆಳಕಿನಲ್ಲೇ ನೋಡಬೇಕು. ಇಂಥ ಬೆರಕೆಯಲ್ಲಿ ರಾಗ ತೆಳುವಾಗುತ್ತದೆ, ತಾಳ ಬರೀ ಸರ್ಕಸ್ಸಾಗುತ್ತದೆ ಎಂಬುದು ಆ ತಕರಾರು. ಆ ಕಾಲದ ಎಷ್ಟೋ ಫ್ಯೂಷನ್ ಕೇಳಿದರೆ ಹೌದೆನ್ನಬೇಕಾಗುತ್ತದೆ. ಗಿಟಾರಿನ ಹಿಂದೆ ತಬಲವೋ ಘಟವೋ ಒಗ್ಗರಣೆಯಂತೆ ಸಿಡಿದು ಸುಮ್ಮನಾಗುತ್ತದೆ. ಆದರೆ ದೂರು ನಿಲ್ಲುವುದು ನಮ್ಮ ವಾದ್ಯವನ್ನು ಬಣ್ಣಕ್ಕಾಗಿ ಬಳಸಿದ ಕಡೆ. 1958ರಲ್ಲಿ ಅಮೆರಿಕದ ಡೇವ್ ಬ್ರೂಬೆಕ್ ಜಾಝ್ ತಂಡ ಮದರಾಸಿಗೆ ಬಂದಾಗ ಅದರ ಡ್ರಮ್ಮರ್ ಜೋ ಮೊರೆಲೊ ಮತ್ತು ಮೃದಂಗದ ಪಳನಿ ಸುಬ್ರಹ್ಮಣ್ಯ ಪಿಳ್ಳೆ ಒಟ್ಟಿಗೆ ನುಡಿಸಿದರು. ಅದು ಇಬ್ಬರು ಘಟಾನುಘಟಿಗಳ ಭೇಟಿ, ಅಷ್ಟಕ್ಕೇ ಮುಗಿಯಿತು. ಮಣಿಯವರ ಮೇಳ ಮತ್ತು ಮರಿಯಾನೊ ನಂಟು ‘ಜ್ಯೋತಿ’ಯ ನಂತರವೂ ಮುಂದುವರಿಯಿತು, 1989ರಲ್ಲಿ ಅವರ ಕಚೇರಿಯ ಮುದ್ರಿಕೆಯೂ ಬಂತು. ಭೇಟಿಗೆ ಇಬ್ಬರು ಸಾಕು. ನಂಟು ಉಳಿಯಬೇಕಾದರೆ ಹಿಂದೆ ಒಂದು ಮನೆ, ಅಭ್ಯಾಸದ ಒಂದು ಕೋಣೆ ಇರಬೇಕು. ಕಾಲೇಜು ಆ ಮನೆಯಾಗಿತ್ತು.

ಕಾಲೇಜಿನ ಫಲವನ್ನು ಮೃದಂಗ ನುಡಿಸುವವರಲ್ಲಷ್ಟೇ ಹುಡುಕಿದರೆ ಕೆಲವರು ತಪ್ಪಿಹೋಗುತ್ತಾರೆ. ಮದರಾಸಿನಲ್ಲಿ ಹುಟ್ಟಿ, ಹ್ಯೂಮನ್ ಬಾಂಡೇಜ್ ಎಂಬ ರಾಕ್ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದ ರಮೇಶ್ ಶೋತಮ್ ಇಲ್ಲಿ ತಾಳಪಾಠಕ್ಕೆ ಕೂತವರು. ಮುಂದೆ ಜರ್ಮನಿಯಲ್ಲಿ ನೆಲೆಸಿ ಅಲ್ಲಿನ ಜಾಝ್ ತಂಡಗಳಲ್ಲಿ ತವಿಲು, ಘಟ, ಖಂಜಿರ, ಮೋರ್ಸಿಂಗ್‌ಗಳನ್ನು ಡ್ರಮ್ಸ್ ಪಕ್ಕದಲ್ಲೇ ಇಟ್ಟುಕೊಂಡರು. ಡ್ರಮ್ಮರ್ ಒಬ್ಬ ತಕಧಿಮಿಯಿಂದ ಮತ್ತೆ ಶುರುಮಾಡಿದ ಈ ಪ್ರಸಂಗದಲ್ಲಿ ಶಾಲೆಯ ಸ್ವಭಾವ ಕಾಣುತ್ತದೆ: ಬಂದವರ ಕೈಯಲ್ಲಿ ಯಾವ ವಾದ್ಯವಿದೆ ಎಂಬುದು ಎರಡನೆಯ ಪ್ರಶ್ನೆ. ‘ಜ್ಯೋತಿ’ ಮುದ್ರಿಕೆ ಶುರುವಾಗುವುದೂ ಯಾವ ಚರ್ಮವಾದ್ಯದಿಂದಲೂ ಅಲ್ಲ, ರಮಾಮಣಿಯವರ ಒಂಟಿ ಕಂಠದಿಂದ. ಮೃದಂಗದವರ ಮೇಳದಲ್ಲಿ ಮೃದಂಗ ತನ್ನ ಸರದಿಗೆ ಕಾಯುತ್ತದೆ.