ಕಥೆಯ ಪೆಟ್ಟಿಗೆ ಮತ್ತು ಮಕ್ಕಳ ನುಡಿ

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ದಂಡನಾಯಕ ಪೊಲಾಳ್ವನು 1224ರಲ್ಲಿ ಕಟ್ಟಿಸಿದನು. ಗುಹಾಸುರನ ಸಂಹಾರಕ್ಕಾಗಿ ಹರಿ ಮತ್ತು ಹರರು ಒಂದೇ ದೇಹ ತಳೆದರೆಂಬ ಸ್ಥಳಪುರಾಣವನ್ನು ಅಲ್ಲಿನ ಮೂರ್ತಿಯು ಅಕ್ಷರ ಬಾರದವರಿಗೂ ಹೇಳುತ್ತದೆ. ಅದೇ ಊರಿನ ಆರೋಗ್ಯಮಾತೆಯ ಸ್ವರೂಪದ ಮುಂದೆ ಸೆಪ್ಟೆಂಬರ್ 8ರ ಹಬ್ಬದಂದು ಎಲ್ಲ ಧರ್ಮಗಳ ಜನರು ಕೈಮುಗಿದು ನಿಲ್ಲುತ್ತಾರೆ. ಓದಿ ತಿಳಿಯುವುದಕ್ಕೆ ಮೊದಲು ಮನುಷ್ಯನು ನೋಡಿ ತಿಳಿದನು. ಈ ಮಾತು ತುಂಗಭದ್ರೆಯ ದಡಕ್ಕೆ ಎಷ್ಟು ನಿಜವೋ ದೂರದ ಜಪಾನಿಗೂ ಅಷ್ಟೇ ನಿಜ.

ಇಂದು ನಮ್ಮ ಮಕ್ಕಳು ಮೈಮರೆತು ನೋಡುವ ಜಪಾನಿನ ಆನಿಮೆ ಚಿತ್ರಗಳೂ ಓದುವ ಮಾಂಗಾ ಚಿತ್ರಕಥೆಗಳೂ ಒಂದೇ ದಿನದಲ್ಲಿ ಹುಟ್ಟಿದವಲ್ಲ. ಅಲ್ಲಿನ ಬೌದ್ಧ ಭಿಕ್ಷುಗಳು ಚಿತ್ರಗಳನ್ನು ತೋರಿಸುತ್ತಾ ಧರ್ಮಕಥೆ ಹೇಳುತ್ತಿದ್ದರು. ಹನ್ನೆರಡನೆಯ ಶತಮಾನದ ಹೊತ್ತಿಗೇ ಕಥೆಗಳನ್ನು ಉದ್ದನೆಯ ಸುರುಳಿಗಳ ಮೇಲೆ ಚಿತ್ರಿಸುವ ಕಲೆ ಬೆಳೆದಿತ್ತು. 1930ರ ಸುಮಾರಿಗೆ ಟೋಕಿಯೊ ಬೀದಿಗಳಲ್ಲಿ 'ಕಮಿಶಿಬಾಯಿ' ಎಂಬ ಕಾಗದದ ನಾಟಕ ಕಾಣಿಸಿಕೊಂಡಿತು. ಕಥೆಗಾರನು ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಬಂದು, ಮಕ್ಕಳಿಗೆ ಮಿಠಾಯಿ ಮಾರಿ, ಚಿತ್ರದ ಹಾಳೆಗಳನ್ನು ಒಂದೊಂದಾಗಿ ಸರಿಸುತ್ತಾ ಕಥೆ ಹೇಳುತ್ತಿದ್ದನು.

1953ರಲ್ಲಿ ಜಪಾನಿಗೆ ದೂರದರ್ಶನ ಬಂದಾಗ ಜನರು ಅದನ್ನು 'ವಿದ್ಯುತ್ ಕಮಿಶಿಬಾಯಿ' ಎಂದು ಕರೆದರು. ಆ ಹೊಸ ಪೆಟ್ಟಿಗೆ ಹಳೆಯ ಪೆಟ್ಟಿಗೆಯನ್ನು ನುಂಗಿತು. ಆದರೆ ಕಥೆ ಸಾಯಲಿಲ್ಲ. ಕಮಿಶಿಬಾಯಿಗೆ ಚಿತ್ರ ಬರೆಯುತ್ತಿದ್ದ ಶಿಗೆರು ಮಿಜುಕಿಯಂಥವರು ಮಾಂಗಾ ಲೋಕಕ್ಕೆ ಬಂದು, ಅಜ್ಜಿಕಥೆಗಳ ಭೂತಪ್ರೇತಗಳನ್ನೂ ಜೊತೆಗೆ ಕರೆತಂದರು. ಒಸಾಮು ತೆಜುಕಾ 1952ರಲ್ಲಿ ಆರಂಭಿಸಿದ 'ಆಸ್ಟ್ರೋ ಬಾಯ್' ಚಿತ್ರಕಥೆಯು 1963ರಲ್ಲಿ ಕಿರುತೆರೆಯ ಧಾರಾವಾಹಿಯಾಯಿತು. 1996ರಲ್ಲಿ ಬಂದ 'ಪೋಕೆಮಾನ್' ವಿಡಿಯೋ ಆಟದ ಹಿಂದೆ ಇದ್ದುದು, ಅದರ ನಿರ್ಮಾತೃ ಸತೋಶಿ ತಾಜಿರಿ ಬಾಲ್ಯದಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುತ್ತಿದ್ದ ನೆನಪು. ಪಾತ್ರೆ ಬದಲಾದರೂ ಒಳಗಿನ ನೀರು ಅವರ ಊರಿನ ಬಾವಿಯದೇ ಆಗಿತ್ತು.

ನಮ್ಮಲ್ಲಿ ಏನಾಯಿತು? ದಾವಣಗೆರೆ ವೃತ್ತಿರಂಗಭೂಮಿಯ ಊರು. ಚಿಂದೋಡಿ ವೀರಪ್ಪನವರ ನಾಟಕ ಕಂಪನಿಯನ್ನು ಮಗಳು ಚಿಂದೋಡಿ ಲೀಲಾ, 2010ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಬಾಳಿನ ಉಸಿರಾಗಿಸಿಕೊಂಡಿದ್ದರು. ಮಧ್ಯ ಹಾಗೂ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಿಳ್ಳೇಕ್ಯಾತರು ದೀಪದ ಮುಂದೆ ತೊಗಲುಗೊಂಬೆ ಹಿಡಿದು ರಾತ್ರಿಯಿಡೀ ರಾಮಾಯಣ ಆಡಿಸುತ್ತಿದ್ದರು. ಬಿಳಿಯ ಪರದೆ, ಅದರ ಹಿಂದೆ ಬೆಳಕು, ಚಲಿಸುವ ಬಣ್ಣದ ಚಿತ್ರ: ಆನಿಮೇಷನ್ನಿಗೆ ಇದಕ್ಕಿಂತ ಹತ್ತಿರದ ಪೂರ್ವಜರು ಯಾರಿದ್ದಾರೆ? ದೊಡ್ಡವರ ಕಥೆಗಳೇನೋ ನಾಟಕ ಕಂಪನಿಗಳಿಂದ ಸಿನಿಮಾಕ್ಕೆ ದಾಟಿದವು; ಗುಬ್ಬಿ ಕಂಪನಿಯ 'ಬೇಡರ ಕಣ್ಣಪ್ಪ' 1954ರಲ್ಲಿ ಬೆಳ್ಳಿತೆರೆಗೆ ಬಂದಿತು. ಆದರೆ ತೊಗಲುಗೊಂಬೆಯ ಕುಶಲತೆಗೆ ಅಂಥ ಸೇತುವೆ ದೊರೆಯಲಿಲ್ಲ.

ಆ ಬರಿದಾದ ಜಾಗಕ್ಕೆ 1990ರ ದಶಕದಲ್ಲಿ ಮೌಗ್ಲಿ ಬಂದನು. ಭಾರತದ ಕಾಡಿನ ಕಥೆಯನ್ನು ಜಪಾನಿನ ನಿಪ್ಪಾನ್ ಆನಿಮೇಷನ್ ಸಂಸ್ಥೆ ಚಿತ್ರಿಸಿತ್ತು. ದೂರದರ್ಶನವು ಅದನ್ನು ಭಾನುವಾರದ ಬೆಳಿಗ್ಗೆ ಹಿಂದಿಯಲ್ಲಿ ಬಿತ್ತರಿಸಿತು. ಬಲಿಪೂಜೆ ಮುಗಿದೊಡನೆ ಮನೆಗೆ ಓಡುತ್ತಿದ್ದ ಮಕ್ಕಳು, ಅರ್ಥ ಪೂರ್ತಿ ತಿಳಿಯದಿದ್ದರೂ, ಗುಲ್ಜಾರರ ಹಾಡನ್ನು ಬಾಯಿಪಾಠ ಮಾಡಿಕೊಂಡರು. ಆಮೇಲೆ ಡೋರೆಮಾನ್, ಶಿನ್‌ಚಾನ್‌ಗಳೂ ಹಿಂದಿಯ ಬಾಗಿಲಿನಿಂದಲೇ ಬಂದವು. 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ರಾಜ್‌ಕುಮಾರ್ ಮೊದಲಾದವರು ಕನ್ನಡ ಕಲಾವಿದರ ಅನ್ನವನ್ನು ಕಾಯಲು ಡಬ್ಬಿಂಗ್ ವಿರೋಧಿಸಿದ್ದರು. ಆ ಕಾಲಕ್ಕೆ ಅದು ನ್ಯಾಯವಾದ ಕಾಳಜಿ. ಆದರೆ ಬಾಗಿಲು ಮುಚ್ಚಿದಾಗ ಹೊರಗುಳಿದವರಲ್ಲಿ ಮಕ್ಕಳೂ ಇದ್ದರೆಂಬುದನ್ನು ನಾವು ತಡವಾಗಿ ಕಂಡೆವು. 2009ರಲ್ಲಿ ಚಿಂಟು ಟಿವಿ ಮಕ್ಕಳ ಚಿತ್ರಗಳಿಗೆ ಕನ್ನಡದ ದನಿ ಕೊಟ್ಟಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು.

ನಮ್ಮ ಧರ್ಮೋಪದೇಶದ ತರಗತಿಗಳಿಗೂ ಇದರಲ್ಲಿ ಒಂದು ಪಾಠವಿದೆ. 1981ರಲ್ಲಿ ಜಪಾನಿನ ತಾತ್ಸುನೊಕೊ ಸಂಸ್ಥೆ 'ಸೂಪರ್‌ಬುಕ್' ಎಂಬ ಬೈಬಲ್ ಕಥಾಮಾಲೆಯನ್ನು ತಯಾರಿಸಿತು. ಕ್ರೈಸ್ತರ ಸಂಖ್ಯೆ ನೂರಕ್ಕೆ ಒಂದರಷ್ಟೇ ಇರುವ ದೇಶದ ಕಲಾವಿದರು ಅದನ್ನು ಚಿತ್ರಿಸಿದರು. ಬುದ್ಧನ ಚರಿತ್ರೆಯನ್ನು ಹನ್ನೊಂದು ವರ್ಷ ಬರೆದ ತೆಜುಕಾ ಅವರೂ ಕೊನೆಗಾಲದಲ್ಲಿ ಇಟಲಿಯ ದೂರದರ್ಶನಕ್ಕಾಗಿ ಹಳೆಯ ಒಡಂಬಡಿಕೆಯ ಕಥೆಗಳನ್ನು ಕೈಗೆತ್ತಿಕೊಂಡರು. 1989ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯಬಳಗವು ಅದನ್ನು 26 ಕಂತುಗಳಲ್ಲಿ ಪೂರ್ಣಗೊಳಿಸಿತು. ತಮ್ಮದಲ್ಲದ ಕಥೆಯನ್ನೂ ಅವರು ತಮ್ಮ ಮನೆಯ ಕಥೆಯಂತೆ ಅಕ್ಕರೆಯಿಂದ ಹೇಳಿದರು.

ಪಂಚಾಶತ್ತಮ ಹಬ್ಬದ ದಿನ ಜೆರುಸಲೇಮಿನಲ್ಲಿ ನೆರೆದವರೆಲ್ಲರೂ ಶುಭಸಂದೇಶವನ್ನು ತಂತಮ್ಮ ಭಾಷೆಯಲ್ಲಿ ಕೇಳಿದರೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತವೆ. ಪವಿತ್ರಾತ್ಮರು ಅವರಿಗೆ ಒಂದೇ ಭಾಷೆಯನ್ನು ಕಲಿಸಲಿಲ್ಲ. ಅವರವರ ತಾಯ್ನುಡಿಯಲ್ಲೇ ಮಾತನಾಡಿದರು. ಮಕ್ಕಳ ಕೈಯಿಂದ ಆ ಪೆಟ್ಟಿಗೆಯನ್ನು ಕಸಿದುಕೊಳ್ಳುವುದು ಸುಲಭ. ಅದರೊಳಗೆ ತುಂಗಭದ್ರೆಯ ಕಥೆಯೊಂದನ್ನು, ಅಜ್ಜಿಗೂ ಅರ್ಥವಾಗುವ ಕನ್ನಡದಲ್ಲಿ ತುಂಬಿಕೊಡುವುದು ಕಷ್ಟದ ಕೆಲಸ. ಆ ಕಷ್ಟವೇ ನಮ್ಮ ಪಾಲಿನ ಕರ್ತವ್ಯ.