ಏರಿಯ ಹಾದಿ, ಏರಿಯ ಹೊಣೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಅಂಚಿನ ತುಂಗಭದ್ರೆಯೊಂದನ್ನು ಬಿಟ್ಟರೆ ತಾನಾಗಿ ಹುಟ್ಟಿದ ಜೌಗು ನೆಲ ಸಿಗುವುದು ಕಷ್ಟ. ವರ್ಷಕ್ಕೆ 600 ಮಿ.ಮೀ. ಆಚೀಚೆ ಮಳೆ, ಅದೂ ಬಂದರೆ ಬಂತು. ಮಸಾರಿ ನೆಲದಲ್ಲಿ ನೀರು ನಿಲ್ಲದು, ಎರೆ ನೆಲ ಬೇಸಿಗೆಗೆ ಬಾಯಿಬಿಡುತ್ತದೆ. ಇಲ್ಲಿ ಹಕ್ಕಿ ಇಳಿಯುವ ನೀರೆಂದರೆ ಹೆಚ್ಚಾಗಿ ಕೆರೆಯ ನೀರು, ಕೆರೆಯೆಂದರೆ ಮನುಷ್ಯರು ಮಣ್ಣು ಹೊತ್ತು ಏರಿ ಕಟ್ಟಿ ನಿಲ್ಲಿಸಿದ್ದು. ಹಕ್ಕಿಧಾಮಗಳ ಸುತ್ತ ಓಟದ ಹಾದಿ, ನಡಿಗೆಯ ಹಾದಿ ಮಾಡಬೇಕೆಂಬ ಉಮೇದು ಈಗ ನಾಡಿನ ಎಲ್ಲೆಡೆ ಇದೆ. ಆ ಮಾತು ಈ ಸೀಮೆಗೂ ಬಂದಾಗ ಮೊದಲು ನೆನೆಯಬೇಕಾದ್ದು ಒಂದಿದೆ: ಇಲ್ಲಿನ ನೀರಿನ ಪಕ್ಕ ಹಾದಿ ಶತಮಾನಗಳಿಂದ ಇದೆ, ಅದು ಕೆರೆ ಏರಿ. ಆ ಹಾದಿ ಉಳಿದದ್ದು ನೋಟ ಚೆನ್ನಾಗಿತ್ತೆಂದಲ್ಲ, ಅದರ ಮೇಲೆ ದಿನವೂ ನಡೆಯುವ ಹೊಣೆ ಯಾರಿಗೋ ಇತ್ತೆಂದು. ಹೊಣೆ ಕಳಚಿದ ಕಡೆಯೆಲ್ಲ ಹಾದಿಯೂ ಕೆಟ್ಟಿತು. ಹೊಸ ಹಾದಿಯನ್ನು ಯೋಚಿಸುವವರು ಈ ಚರಿತ್ರೆಯಿಂದಲೇ ಹೊರಡಬೇಕು ಎಂಬುದು ನನ್ನ ವಾದ.

ವಿಜಯನಗರದ ಕಾಲದವರು ಕೆರೆಯನ್ನು ಎಷ್ಟು ಲೆಕ್ಕ ಹಾಕಿ ಕಟ್ಟುತ್ತಿದ್ದರು ಎಂಬುದಕ್ಕೆ 1369ರ ಪೋರುಮಾಮಿಳ್ಳ ಶಾಸನವೇ ಸಾಕ್ಷಿ. ಬುಕ್ಕರಾಯನ ಮಗ ಭಾಸ್ಕರ ಈಗಿನ ಕಡಪ ಜಿಲ್ಲೆಯಲ್ಲಿ ಕಟ್ಟಿಸಿದ ಕೆರೆಯ ಶಾಸನವದು. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಅದು ಹೇಳುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಇನ್ನೊಂದು, ಕೆರೆಯಂಗಳದ ನಡುವೆ ದಿಬ್ಬ ಏಳುವುದು ಮತ್ತೊಂದು. ಆರರಲ್ಲಿ ಒಂದು ರಾಜಕೀಯದ ದೋಷವೆಂಬುದನ್ನು ಗಮನಿಸಬೇಕು. ಕೆರೆಗೆ ಯಾರು ಹೊಣೆ ಎಂಬುದು ಸ್ಪಷ್ಟವಿಲ್ಲದಿದ್ದರೆ ಮಣ್ಣು, ಕಲ್ಲು ಎಷ್ಟು ಗಟ್ಟಿಯಿದ್ದರೂ ಕೆರೆ ನಿಲ್ಲದು ಎಂಬ ಅರ್ಥ ಆ ಪಟ್ಟಿಯಿಂದಲೇ ಹೊರಡುತ್ತದೆ.

ಆ ಹೊಣೆಯನ್ನು ಹಂಚುವ ಕ್ರಮವೂ ಇತ್ತು. ಕೆರೆ ಕಟ್ಟಿಸಿದವನಿಗೋ ಒಡೆದ ಕೆರೆಯನ್ನು ದುರಸ್ತಿ ಮಾಡಿಸಿದವನಿಗೋ ಕೆರೆಯ ಕೆಳಗಿನ ಗದ್ದೆಯಲ್ಲಿ ಹತ್ತರಲ್ಲೊಂದು ಪಾಲು ಬಿಡುವುದು ದಶವಂದ. ಕೆರೆ ಕಟ್ಟಿ ನೋಡಿಕೊಳ್ಳುವುದಕ್ಕೆಂದು ಬಿಟ್ಟ ಮಾನ್ಯ ಕಟ್ಟುಗೊಡಗೆ. ಊರಿನ ಆಯಗಾರರಲ್ಲಿ ನೀರುಗಂಟಿ ಒಬ್ಬ. ಅವನ ಕೂಲಿ ಕಣದಲ್ಲಿ ಕಾಳಿನ ರೂಪದಲ್ಲಿ ಸಲ್ಲುತ್ತಿತ್ತು. ಅವನ ಕೆಲಸವೆಂದರೆ ಏರಿಯ ಉದ್ದಕ್ಕೂ ನಡೆಯುವುದು. ತೂಬಿನ ಎರಡು ಕಲ್ಲುಕಂಬಗಳ ನಡುವಿನ ಬಿರಡೆಯನ್ನು ಎತ್ತಿ ಇಳಿಸಿ ಗದ್ದೆಗೆ ನೀರಿನ ಸರದಿ ನಡೆಸುವುದು, ನೀರಿನ ಕಡೆಯ ಕಲ್ಲುಗಳು ಸರಿದಿವೆಯೇ ಎಂದು ನೋಡುವುದು, ಹೆಗ್ಗಣದ ಬಿಲ, ಏಡಿಯ ಬಿಲ ಕಂಡರೆ ಜೇಡಿಮಣ್ಣು ಮೆತ್ತುವುದು, ಏರಿಯ ಮೇಲೆ ಬೇರುಬಿಡುವ ಗಿಡವನ್ನು ಎಳೆಯದಾಗಿರುವಾಗಲೇ ಕೀಳುವುದು, ಕೋಡಿ ಬೀಳುವ ರಾತ್ರಿ ಕಾಯುವುದು. ಏರಿ ಜಿನುಗಿದರೆ ಊರಿಗೆ ಸುದ್ದಿ ಮುಟ್ಟಿಸಲು ಓಡಬೇಕಾದವನೂ ಅವನೇ. ಈ ಸೀಮೆಯ ನೀರಿನ ಹಾದಿಯ ಮೇಲೆ ಮೊದಲು ಓಡಿದವರು ಯಾರು ಎಂದು ಕೇಳಿದರೆ ಉತ್ತರ ಅಲ್ಲಿದೆ.

1800ರಲ್ಲಿ ಬಳ್ಳಾರಿ ಸೀಮೆ ದತ್ತ ಮಂಡಲದ ಭಾಗವಾಗಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಅದರ ಮೊದಲ ಪ್ರಧಾನ ಕಲೆಕ್ಟರ್ ಥಾಮಸ್ ಮನ್ರೋ ಕಂಡುಕೊಂಡದ್ದು ಇದು: ಇಲ್ಲಿ ಹೊಸ ಕೆರೆ ಕಟ್ಟಲು ಹೊರಡುವುದರಲ್ಲಿ ಫಲವಿಲ್ಲ, ಕೆರೆಗೆ ತಕ್ಕ ಜಾಗ ಯಾವುದನ್ನೂ ಜನ ಬಿಟ್ಟಿಲ್ಲ. ಆದರೆ ಕಂದಾಯವನ್ನು ರೈತನಿಂದ ನೇರವಾಗಿ ಬೊಕ್ಕಸಕ್ಕೆ ಎತ್ತುವ ಹೊಸ ಏರ್ಪಾಡಿನಲ್ಲಿ ಊರಿನ ಕೆರೆ ಮೆಲ್ಲಗೆ ಸರ್ಕಾರದ ಕೆರೆಯಾಯಿತು. ಒಡೆದ ಏರಿಗೆ ಊರಾಳುಗಳನ್ನು ಬಲವಂತವಾಗಿ ಕರೆಯಲು 1858ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಒಂದು ಕಾಯ್ದೆಯೇ ಬಂತು. ರೂಢಿ ಗಟ್ಟಿಯಾಗಿದ್ದರೆ ಕಾಯ್ದೆ ಬೇಕಾಗುತ್ತಿರಲಿಲ್ಲ. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೌದೆಗೆಂದು ತರಿಸಿದ ಹೊರನಾಡಿನ ಜಾಲಿಗೆ ಕನ್ನಡಿಗರು ಇಟ್ಟ ಹೆಸರು ಬಳ್ಳಾರಿಜಾಲಿ. ಯಾರೂ ನಡೆಯದ ಏರಿಯನ್ನು ಮೊದಲು ಹಿಡಿಯುವ ಮುಳ್ಳು ಅದು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು, ಆಮೇಲೆ ಬೋರ್‌ವೆಲ್ ಬಂತು. ನೀರು ಹೊಲದಲ್ಲೇ ಸಿಕ್ಕ ಮೇಲೆ ಏರಿಯತ್ತ ಹೋಗುವ ಕಾರಣವೇ ಹಲವರಿಗೆ ಉಳಿಯಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬೇಕಾದ್ದೇ. ಹಳೆಯ ಹೊಣೆಯ ಕ್ರಮವನ್ನು ಹೊಗಳುವುದು ಜಾತಿಯ ಕ್ರಮವನ್ನು ಹೊಗಳಿದಂತಲ್ಲವೇ? ನೀರುಗಂಟಿಯ ಕೆಲಸ ಅನೇಕ ಊರುಗಳಲ್ಲಿ ದಲಿತರ ಪಾಲಿಗೆ ಬಂದ ದುಡಿಮೆ. ಮಳೆಯಲ್ಲಿ ಕಾದವನು ಒಬ್ಬ, ಗದ್ದೆ ಇನ್ನೊಬ್ಬನದು. 1961ರ ಕಾಯ್ದೆ ಸರಿಯಾಗಿಯೇ ಆ ಗಂಟನ್ನು ಕತ್ತರಿಸಿತು. ಆದರೆ ಹುಟ್ಟಿನಿಂದ ಬಂದ ಕಟ್ಟುಪಾಡು ತಪ್ಪೆಂದ ಮಾತ್ರಕ್ಕೆ ಕೆಲಸವೇ ಬೇಡವಾಗಲಿಲ್ಲ. ಕೆಲಸಕ್ಕೆ ಸಂಬಳ ಕೊಟ್ಟು, ಯಾರು ಬೇಕಾದರೂ ಮಾಡಬಹುದಾದ ಹುದ್ದೆಯಾಗಿ ಉಳಿಸಬೇಕಿತ್ತು. ಅದನ್ನು ಮಾಡದೆ ಕೆರೆಯನ್ನು ಇಲಾಖೆಯ ಕಡತಕ್ಕೆ ಸೇರಿಸಿ ಕೈತೊಳೆದುಕೊಂಡೆವು. ಹಳೆಯದರ ಅನ್ಯಾಯ ಬೇರೆ, ಹೊಸದರ ಅಸಡ್ಡೆ ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಮನ್ನಿಸಲಾಗದು.

ಈಗಿನ ಪ್ರಶ್ನೆ ಗಟ್ಟಿಯಾಗಿ ಎದುರಾಗುವುದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ. ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ ಊರ ಕೆರೆ ಅದು, 98.76 ಹೆಕ್ಟೇರ್, ಎಂದರೆ ಸುಮಾರು 244 ಎಕರೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಯೊಂದಿಗೆ ರಾಮ್ಸರ್ ತಾಣವೆಂದು, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲವೆಂದು, ಪ್ರಕಟವಾಯಿತು. ಇಲ್ಲಿ 240 ಜಾತಿಯ ಹಕ್ಕಿಗಳು, 41 ಜಾತಿಯ ಮೀನುಗಳು ದಾಖಲಾಗಿವೆ. ಗೂಡು ಕಟ್ಟುವ, ತಂಗುವ ನೀರುಹಕ್ಕಿಗಳು 30,000ಕ್ಕೂ ಹೆಚ್ಚು. ಬಣ್ಣದ ಕೊಕ್ಕರೆ ಮತ್ತು ಕರಿತಲೆ ಕೆಂಬರಲಿನ ಸಂಖ್ಯೆಯೇ ಇದಕ್ಕೆ ಅಂತರರಾಷ್ಟ್ರೀಯ ಮನ್ನಣೆ ತಂದ ಕಾರಣಗಳಲ್ಲೊಂದು. ಗೂಡುಗಳಿರುವುದು ಕೆರೆಯಂಗಳದೊಳಗೆ ನೀರಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ. ಪೋರುಮಾಮಿಳ್ಳದ ಶಾಸನಕಾರ ಇದನ್ನು ನೋಡಿದ್ದರೆ ಮುಖ ಸಿಂಡರಿಸುತ್ತಿದ್ದ: ಅಂಗಳದ ನಡುವೆ ದಿಬ್ಬ, ಮರ ಎಲ್ಲ ಅವನ ಲೆಕ್ಕದಲ್ಲಿ ನೀರಿನ ಜಾಗ ತಿನ್ನುವಂಥವು. ಹಕ್ಕಿಯ ಲೆಕ್ಕದಲ್ಲಿ ನೀರು ಸುತ್ತುವರಿದ ಮರಕ್ಕಿಂತ ಕ್ಷೇಮದ ಜಾಗವಿಲ್ಲ. ರೈತನ ಕೆರೆ, ಹಕ್ಕಿಯ ಕೆರೆ ಎರಡೂ ಒಂದೇ ಏರಿಯನ್ನು ನೆಚ್ಚಿಕೊಂಡಿದ್ದರೂ ಅಂಗಳದ ವಿಚಾರದಲ್ಲಿ ಬೇರೆಬೇರೆ. ಓಟದ ಹಾದಿ ಎಲ್ಲಿರಬೇಕು ಎಂಬ ಪ್ರಶ್ನೆಗೆ ಉತ್ತರ ಈ ವ್ಯತ್ಯಾಸದಲ್ಲಿದೆ.

ಕೆರೆಯ ಒಂದು ಮಗ್ಗುಲಿಗೆ ಏರಿ ಇರುತ್ತದೆ. ಉಳಿದ ಮಗ್ಗುಲಲ್ಲಿ ನೀರು ಋತುವಿಗೆ ತಕ್ಕಂತೆ ಏರುತ್ತ ಇಳಿಯುತ್ತ ಕೆಸರು, ಜೊಂಡು, ಹುಲ್ಲು ಬಿಡುತ್ತದೆ. ಕಾಲೂರಿ ಮೇಯುವ ಹಕ್ಕಿಗೆ ಊಟ ಸಿಗುವುದು ಆ ತೆಳುನೀರಿನಲ್ಲಿ. ಬೆಂಗಳೂರಿನ ಅನೇಕ ಕೆರೆಗಳ ಅಭಿವೃದ್ಧಿಯಲ್ಲಿ ಆದ ತಪ್ಪು ಇಲ್ಲೇ. ನಡಿಗೆದಾರರು ಒಂದು ಸುತ್ತು ಹಾಕಲೆಂದು ನಾಲ್ಕೂ ಮಗ್ಗುಲಿಗೆ ಏರಿ ಕಟ್ಟಿ, ಅಂಗಳವನ್ನು ಅಗೆದು, ಕೆರೆಯನ್ನು ಬಾಣಲೆಯಂತೆ ಮಾಡಿದರು. ನೀರು ನಿಂತಿತು, ದೀಪ ಬಂತು, ಕೆಸರಿನ ಅಂಚು ಹೋಯಿತು, ಮಳೆನೀರು ಒಳಬರುವ ದಾರಿಯೂ ಹಲವೆಡೆ ಮುಚ್ಚಿತು. ಇದಕ್ಕೆ ಎದುರಾಗಿ ಶ್ರೀರಂಗಪಟ್ಟಣದ ಕಡೆ ನೋಡಬಹುದು. ಕಾವೇರಿ ಟ್ರೇಲ್ ಮ್ಯಾರಥಾನ್‌ನ ಓಟಗಾರರು ರಂಗನತಿಟ್ಟಿನ ಹತ್ತಿರ ಓಡುವುದು ಕಾಲುವೆ ಪಕ್ಕದ ಮಣ್ಣಿನ ಹಾದಿಯಲ್ಲಿ. ಹಕ್ಕಿಗಳ ನಡುಗಡ್ಡೆಗೆ ಹಾದಿ ಹೋಗುವುದಿಲ್ಲ. ನೀರಾವರಿಯವರು ತಮ್ಮ ಕೆಲಸಕ್ಕೆ ಮಾಡಿಕೊಂಡ ದಾರಿಯೇ ಓಟಕ್ಕೂ ಸಾಕಾಯಿತು.

ಹಕ್ಕಿಯ ಹತ್ತಿರ ಮನುಷ್ಯನೇ ಬೇಡ ಎನ್ನುವವರಿದ್ದಾರೆ. ಕಾಡಿನ ಮಟ್ಟಿಗೆ, ಕೂಡ್ಲಿಗಿಯ ಗುಡೇಕೋಟೆ ಕರಡಿಧಾಮದಂಥ ಕಡೆ, ಆ ಮಾತಿಗೆ ತೂಕವಿದೆ. ಕೆರೆಯ ಮಟ್ಟಿಗೆ ಅದು ಅರ್ಧ ಸತ್ಯ. ಏರಿಯ ಮೇಲೆ ಯಾರೂ ನಡೆಯದಿದ್ದರೆ ಬಿಲ ಕಾಣುವವರಿಲ್ಲ, ಬೇರು ಕೀಳುವವರಿಲ್ಲ. ಏರಿ ಹೋದ ದಿನ ಹಕ್ಕಿಯೂ ಹೋಗುತ್ತದೆ. ಆದರೂ ಎಮ್ಮೆ ಹೊಡೆದುಕೊಂಡು ಹೋಗುವವನಿಗೆ ಹೊಂದಿಕೊಂಡ ಹಕ್ಕಿ ಐನೂರು ಜನರ ಓಟಕ್ಕೂ ಧ್ವನಿವರ್ಧಕಕ್ಕೂ ಹೊಂದಿಕೊಳ್ಳುತ್ತದೆಂದು ನಂಬುವುದು ದಡ್ಡತನ. ಮಾಘದಲ್ಲಿ ದಾವಣಗೆರೆಯಿಂದ ಕೊಟ್ಟೂರೇಶ್ವರನ ತೇರಿಗೆ ಪಾದಯಾತ್ರೆ ಬರುವ ನಾಡಿದು, ದೂರ ನಡೆಯುವುದು ಇಲ್ಲಿ ಹೊಸತಲ್ಲ ಎಂದು ಕೆಲವರು ಹೇಳಬಹುದು. ನಿಜ, ಆದರೆ ಹರಕೆಯ ನಡಿಗೆಗೆ ಗುರಿ ತೇರು, ಗೂಡಲ್ಲ. ಅದರ ಹೆಸರಿನಲ್ಲಿ ಹಕ್ಕಿಯ ಕೆರೆಗೆ ಜನಸಂದಣಿ ಕರೆಯಲು ಬಾರದು.

ತೀರ್ಮಾನಿಸುವ ಜಾಗ ಕಾನೂನಿನಲ್ಲೇ ಇದೆ. 2002ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆಯ ಪ್ರಕಾರ ಸಂರಕ್ಷಣಾ ಮೀಸಲಿಗೆ ಸಲಹೆ ಕೊಡುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು. ಹಾದಿ ಏರಿಯ ಮೇಲೆ ಮಾತ್ರ, ಮಣ್ಣಿನದೇ, ದೀಪವಿಲ್ಲದ್ದು, ಗೂಡು ಕಟ್ಟುವ ತಿಂಗಳುಗಳಲ್ಲಿ ಮುಚ್ಚಿರುವುದು: ಇಷ್ಟನ್ನು ಆ ಸಮಿತಿಯೇ ಸಲಹೆಯಾಗಿ ಕೊಡಬಹುದು. ಓಟಕ್ಕೆ ಶುಲ್ಕವಿದ್ದರೆ ಅದರಿಂದ ಮೊದಲು ಸಲ್ಲಬೇಕಾದ್ದು ಏರಿ ನೋಡಿಕೊಳ್ಳುವ ಊರಿನವರ ಸಂಬಳ. ಫಲಕ, ಕಮಾನು ಆಮೇಲೆ. ನೀರಿನಿಂದ ಲಾಭ ಪಡೆದವರು ನೀರಿನ ಏರಿಗೆ ಪಾಲು ಕೊಡಬೇಕೆಂಬುದು ದಶವಂದದ ತಿರುಳು. ಲಾಭ ಬತ್ತದ ಬದಲು ಬೆಳಗಿನ ಓಟವಾದ ಮಾತ್ರಕ್ಕೆ ಆ ನ್ಯಾಯ ಬದಲಾಗುವುದಿಲ್ಲ. ಏರಿಗೆ ಆಳು ಗೊತ್ತು ಮಾಡದ ಯಾವ ಹಾದಿಯ ಯೋಜನೆಗೂ ಈ ಸೀಮೆಯ ಪಂಚಾಯಿತಿಗಳು ಒಪ್ಪಬಾರದು.